ಸ್ಟ್ರೋಕ್ ನಂತರದ ನೆಗ್ಲೆಕ್ಟ್‌ಗೆ ಪ್ರಿಸಂ ಅಡಾಪ್ಟೇಷನ್: ಹಂತ ಹಂತವಾಗಿ ಪೂರ್ತಿ ಮಾರ್ಗದರ್ಶಿ

ಮೆದುಳಿನ ಬಲಭಾಗಕ್ಕೆ ಸ್ಟ್ರೋಕ್ ಆದವರಲ್ಲಿ ಕೆಲವರು ತಟ್ಟೆಯ ಬಲಗಡೆ ಇರೋದನ್ನಷ್ಟೇ ತಿಂದು ಊಟ ಮುಗೀತು ಅಂತಾರೆ. ಮುಖದ ಬಲಗಡೆ ಮಾತ್ರ ಶೇವ್ ಮಾಡಿಕೊಳ್ಳುತ್ತಾರೆ. ಎಡಗಡೆ ನಿಂತು ಕರೆದರೆ ಬಲಕ್ಕೆ ತಿರುಗಿ ಹುಡುಕುತ್ತಾರೆ. ವೀಲ್‌ಚೇರ್‌ನ ಎಡ ಚಕ್ರ ಪ್ರತಿ ಬಾಗಿಲಿಗೂ ತಾಗುತ್ತದೆ. ಮನೆಯವರಿಗೆ ಇದು ಹಟ ಅಂತಲೋ ಮರೆವು ಅಂತಲೋ ಕಾಣುತ್ತದೆ. ಎರಡೂ ಅಲ್ಲ. ಎಡಗಡೆ ಅನ್ನೋದೇ ಅವರ ಗಮನದಿಂದ ಬಿಟ್ಟುಹೋಗಿದೆ, ಬಿಟ್ಟುಹೋಗಿದೆ ಅನ್ನೋದೂ ಅವರಿಗೆ ಗೊತ್ತಾಗುತ್ತಿಲ್ಲ. ಇದಕ್ಕೆ ಸ್ಪೇಷಿಯಲ್ ನೆಗ್ಲೆಕ್ಟ್ ಅಂತ ಹೆಸರು.

ಇದು ಕಣ್ಣಿನ ತೊಂದರೆ ಅಲ್ಲ ಅನ್ನೋದಕ್ಕೆ ಬಿಸಿಯಾಕ್ ಮತ್ತು ಲುಜಾಟಿ 1978ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಸಾಕು. ಇಟಲಿಯ ಮಿಲಾನ್ ನಗರದ ದೊಡ್ಡ ಚರ್ಚ್ ಎದುರಿನ ಚೌಕ ಅವರ ರೋಗಿಗಳಿಗೆ ಚೆನ್ನಾಗಿ ಗೊತ್ತಿತ್ತು. ಚರ್ಚ್ ಕಡೆ ಮುಖಮಾಡಿ ನಿಂತಿದ್ದೀರಿ ಅಂದುಕೊಂಡು ಚೌಕದಲ್ಲಿ ಏನೇನಿದೆ ಹೇಳಿ ಅಂದಾಗ ಅವರು ಹೆಚ್ಚಾಗಿ ಬಲಗಡೆಯ ಕಟ್ಟಡಗಳನ್ನೇ ಹೇಳಿದರು. ಈಗ ಚರ್ಚಿಗೆ ಬೆನ್ನು ಹಾಕಿ ನಿಂತಿದ್ದೀರಿ ಅಂದುಕೊಳ್ಳಿ ಅಂದಾಗ, ಮೊದಲು ಬಿಟ್ಟಿದ್ದ ಕಟ್ಟಡಗಳೆಲ್ಲ ಬಾಯಿಗೆ ಬಂದವು, ಹೇಳಿದ್ದವು ಬಿಟ್ಟುಹೋದವು. ಕಣ್ಣೆದುರು ಏನೂ ಇಲ್ಲದ ಬರೀ ನೆನಪಲ್ಲೂ ಎಡಗಡೆ ಜಾರಿಹೋಗುತ್ತದೆ.

ಇಂಥವರಿಗೆ ‘ಎಡಗಡೆ ನೋಡಿ, ಎಡಗಡೆ ನೋಡಿ’ ಅಂತ ದಿನಕ್ಕೆ ನೂರು ಸಲ ಹೇಳಿದರೂ ಆ ಕ್ಷಣಕ್ಕೆ ನೋಡಿ ಮತ್ತೆ ಬಿಟ್ಟುಬಿಡುತ್ತಾರೆ. ಪ್ರಿಸಂ ಅಡಾಪ್ಟೇಷನ್‌ನಲ್ಲಿ, ಅಂದರೆ ನೋಟವನ್ನು ಪಕ್ಕಕ್ಕೆ ಸರಿಸುವ ಪ್ರಿಸಂ ಕನ್ನಡಕ ಹಾಕಿಸಿ ಗುರಿ ಮುಟ್ಟಿಸುವ ಚಿಕಿತ್ಸೆಯಲ್ಲಿ, ನನಗೆ ಇಷ್ಟವಾಗೋದು ಇದೇ: ಇಲ್ಲಿ ರೋಗಿ ನೆನಪಿಟ್ಟುಕೊಂಡು ಮಾಡಬೇಕಾದ್ದು ಏನೂ ಇಲ್ಲ. ತನಗೆ ತೊಂದರೆ ಇದೆ ಅಂತಲೇ ಒಪ್ಪದವರಿಗೂ ಮಾಡಿಸಬಹುದು.

ಇದನ್ನು ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ ಮಾಡುವವರಿಗಾಗಿ, ಜೊತೆಗೆ ಅವರ ಹತ್ತಿರ ಕೂತು ನೋಡುವ ಮನೆಯವರಿಗಾಗಿ ಬರೆದಿದ್ದೇನೆ. ಮನೆಯವರು ತಾವೇ ಕನ್ನಡಕ ತರಿಸಿ ಶುರುಮಾಡಬೇಡಿ. ಡಾಕ್ಟರ್ ಮತ್ತು ಥೆರಪಿಸ್ಟ್ ಜೊತೆಗಿರಲಿ.

ಕೆಲಸ ಮಾಡೋದು ಹೇಗೆ

ಪ್ರಿಸಂ ಬೆಳಕನ್ನು ಬಾಗಿಸುತ್ತದೆ, ಹಾಗಾಗಿ ಅದರ ಮೂಲಕ ನೋಡಿದ ವಸ್ತು ಇರುವ ಜಾಗಕ್ಕಿಂತ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಎಡ ನೆಗ್ಲೆಕ್ಟ್ ಇರುವವರಿಗೆ ನೋಟವನ್ನು ಬಲಕ್ಕೆ ಸರಿಸುವ ಕನ್ನಡಕ ಹಾಕುತ್ತೇವೆ. ಮೊದಲ ಸಲ ಕೇಳಿದವರಿಗೆ ಇದು ಉಲ್ಟಾ ಅನ್ನಿಸುತ್ತದೆ. ಮೊದಲೇ ಬಲಕ್ಕೆ ವಾಲಿರುವವರಿಗೆ ಇನ್ನಷ್ಟು ಬಲಕ್ಕೆ ತೋರಿಸೋದು ಯಾಕೆ?

ಚುಕ್ಕಿ ಇರೋದು ನೇರ ಎದುರಿಗೆ. ಕನ್ನಡಕದಲ್ಲಿ ಅದು ಬಲಕ್ಕೆ ಕಾಣುತ್ತದೆ. ರೋಗಿ ಬೇಗನೆ ಕೈಚಾಚಿ ಮುಟ್ಟಲು ಹೋದರೆ ಬೆರಳು ಚುಕ್ಕಿಯ ಬಲಕ್ಕೆ ಬೀಳುತ್ತದೆ. ತಪ್ಪಿದ್ದು ಕಣ್ಣಿಗೆ ಕಾಣುತ್ತದೆ. ಮುಂದಿನ ಸಲ ಕೈ ಸ್ವಲ್ಪ ಎಡಕ್ಕೆ ಹೋಗುತ್ತದೆ, ಅದರ ಮುಂದಿನ ಸಲ ಇನ್ನೂ ಸ್ವಲ್ಪ. ಹತ್ತು ಹದಿನೈದು ಸಲ ಆಗುವಷ್ಟರಲ್ಲಿ ಸಾಮಾನ್ಯವಾಗಿ ಗುರಿ ಸಿಕ್ಕಿಬಿಡುತ್ತದೆ. ಆಮೇಲೂ ಬಿಡದೆ ಮುಟ್ಟಿಸುತ್ತಾ ಹೋದರೆ ಕಣ್ಣು ಮತ್ತು ಕೈಯ ಹೊಂದಾಣಿಕೆ ಒಳಗೊಳಗೇ ಎಡಕ್ಕೆ ಸರಿಯುತ್ತದೆ. ಈಗ ಕನ್ನಡಕ ತೆಗೆದರೆ ಕೈ ಚುಕ್ಕಿಯ ಎಡಕ್ಕೆ ಬೀಳುತ್ತದೆ. ಇದು ಆಫ್ಟರ್‌ಎಫೆಕ್ಟ್. ನಮಗೆ ಬೇಕಾಗಿರೋದು ಇದೇ. ಕನ್ನಡಕ ಹಾಕಿದಾಗ ಏನಾಯ್ತು ಅನ್ನೋದಕ್ಕಿಂತ ತೆಗೆದ ಮೇಲೆ ಏನು ಉಳಿಯಿತು ಅನ್ನೋದು ಮುಖ್ಯ. ಮುಂದೆ ಹೇಳುವ ಪ್ರತಿ ಹಂತವೂ ಈ ಆಫ್ಟರ್‌ಎಫೆಕ್ಟ್ ಬರಿಸೋದಕ್ಕೆ, ಬಂದಿದ್ದನ್ನು ಅಳೆಯೋದಕ್ಕೆ, ಅಳೆಯೋ ಮೊದಲೇ ಅಳಿಸಿಹೋಗದಂತೆ ನೋಡಿಕೊಳ್ಳೋದಕ್ಕೆ.

ಆರೋಗ್ಯವಂತರು ಪ್ರಿಸಂಗೆ ಹೀಗೆ ಹೊಂದಿಕೊಳ್ಳುತ್ತಾರೆ ಅನ್ನೋದು ಹತ್ತೊಂಬತ್ತನೇ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಾಲದಿಂದಲೇ ಗೊತ್ತು. ಅದನ್ನು ನೆಗ್ಲೆಕ್ಟ್ ಚಿಕಿತ್ಸೆಗೆ ತಂದಿದ್ದು ಫ್ರಾನ್ಸಿನ ಇವ್ ರೊಸೆಟ್ಟಿ ಮತ್ತು ಸಂಗಡಿಗರು, 1998ರಲ್ಲಿ, ‘ನೇಚರ್’ ಪತ್ರಿಕೆಯಲ್ಲಿ. 10 ಡಿಗ್ರಿ ಬಲಕ್ಕೆ ಸರಿಸುವ ಪ್ರಿಸಂ ಹಾಕಿ ಬರೀ 50 ಸಲ ಗುರಿ ಮುಟ್ಟಿಸಿದ್ದರು. ಸುಧಾರಣೆ ಕೈಯ ಗುರಿಯಲ್ಲಿ ಮಾತ್ರ ಬಂದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಚಿತ್ರ ನಕಲು ಮಾಡೋದು, ಗೆರೆಯ ನಡುಬಿಂದು ಗುರುತಿಸೋದು, ಓದೋದು, ಇವುಗಳಲ್ಲೂ ಬಂತು, ಕನಿಷ್ಠ ಎರಡು ಗಂಟೆ ಉಳಿಯಿತು.

ಹಂತ 1: ನೆಗ್ಲೆಕ್ಟ್ ಹೌದಾ ಅಂತ ಖಾತ್ರಿ ಮಾಡಿಕೊಳ್ಳಿ

ಮೊದಲು ಬೇರೆ ಮಾಡಿ ನೋಡಬೇಕಾದ್ದು ಹೆಮಿಯನೋಪಿಯಾ, ಅಂದರೆ ಎರಡೂ ಕಣ್ಣಿನಲ್ಲಿ ಒಂದೇ ಕಡೆಯ ಅರ್ಧ ನೋಟ ಹೋಗಿರೋದು. ಬರೀ ಹೆಮಿಯನೋಪಿಯಾ ಇರುವವರು ಸಾಮಾನ್ಯವಾಗಿ ‘ಆ ಕಡೆ ಕಾಣಿಸ್ತಿಲ್ಲ’ ಅಂತ ಹೇಳುತ್ತಾರೆ, ತಲೆ ತಿರುಗಿಸಿ ಹುಡುಕುತ್ತಾರೆ. ನೆಗ್ಲೆಕ್ಟ್ ಇರುವವರು ಹುಡುಕೋದೇ ಇಲ್ಲ. ಎರಡೂ ಒಟ್ಟಿಗೆ ಇರೋದೂ ಉಂಟು, ಹಾಗಾಗಿ ನೋಟದ ವ್ಯಾಪ್ತಿಯ ಪರೀಕ್ಷೆ ಮಾಡಿಸಿಯೇ ಮುಂದುವರಿಯಿರಿ.

ಕಾಗದದ ಪರೀಕ್ಷೆಗಳಲ್ಲಿ ಒಂದನ್ನೇ ನೆಚ್ಚಿಕೊಳ್ಳಬೇಡಿ. ಒಂದರಲ್ಲಿ ಪಾಸಾದವರು ಇನ್ನೊಂದರಲ್ಲಿ ಸಿಕ್ಕಿಬೀಳುತ್ತಾರೆ. ಕನಿಷ್ಠ ಇಷ್ಟಾದರೂ ಇರಲಿ: 20 ಸೆಂಟಿಮೀಟರ್ ಗೆರೆಗಳ ನಡುಬಿಂದು ಗುರುತಿಸೋದು (ಎಷ್ಟು ಮಿಲಿಮೀಟರ್ ಬಲಕ್ಕೆ ಹೋಯಿತು ಅಂತ ಅಳೆಯಿರಿ), ಒಂದು ಹುಡುಕಿ ಹೊಡೆದುಹಾಕುವ ಪರೀಕ್ಷೆ, ಒಂದು ಚಿತ್ರದ ನಕಲು. ಹುಡುಕುವ ಪರೀಕ್ಷೆಗಳಲ್ಲಿ 54 ಸಣ್ಣ ನಕ್ಷತ್ರಗಳಿರುವ ಸ್ಟಾರ್ ಕ್ಯಾನ್ಸಲೇಷನ್, ಬಾರಿಸುವ ಗಂಟೆಯ 35 ಚಿತ್ರಗಳಿರುವ ಬೆಲ್ಸ್ ಟೆಸ್ಟ್ ಎರಡೂ ಚೆನ್ನಾಗಿವೆ. ಎಷ್ಟು ಸಿಕ್ಕಿತು ಅನ್ನೋದರ ಜೊತೆ ಎಲ್ಲಿಂದ ಶುರುಮಾಡಿದರು ಅಂತಲೂ ಬರೆದುಕೊಳ್ಳಿ. ಮೊದಲ ಗಂಟೆಯನ್ನೇ ಕಾಗದದ ಬಲ ತುದಿಯಲ್ಲಿ ಹುಡುಕಿದರೆ ಅದೇ ಒಂದು ಸುಳಿವು.

ದಿನನಿತ್ಯದ ಬದುಕು ಅಳೆಯೋಕೆ ಕ್ಯಾಥರೀನ್ ಬರ್ಗೆಗೋ ಸ್ಕೇಲ್ ಇದೆ. ಹತ್ತು ಅಂಶ, ಪ್ರತಿಯೊಂದಕ್ಕೂ 0ರಿಂದ 3, ಒಟ್ಟು 30. ಎಡ ತೋಳು ಬಟ್ಟೆಗೆ ಹಾಕಿಕೊಂಡರಾ, ತಟ್ಟೆಯ ಎಡಗಡೆ ತಿಂದರಾ, ಎಡಗಡೆ ಗೋಡೆಗೆ ಗುದ್ದಿಕೊಂಡರಾ, ಎಡಗಡೆ ಇಟ್ಟ ವಸ್ತು ಸಿಕ್ಕಿತಾ, ಇಂಥವು. ದಯವಿಟ್ಟು ಇದನ್ನು ಬಿಡಬೇಡಿ. ಕಾಗದದ ಮೇಲೆ ಎಲ್ಲಾ ಗಂಟೆ ಸಿಕ್ಕಿ, ಬಾಗಿಲಿಗೆ ಗುದ್ದಿಕೊಳ್ಳೋದು ಹಾಗೇ ಉಳಿದರೆ ರೋಗಿಗೆ ಏನು ಸಿಕ್ಕಹಾಗಾಯ್ತು?

ಯಾರಿಗೆ ಕಷ್ಟ: ಕುಳಿತು ಇಪ್ಪತ್ತು ನಿಮಿಷ ಎಚ್ಚರವಾಗಿರಲು ಆಗದವರು, ಬಲಗೈಯನ್ನು ಚೆನ್ನಾಗಿ ಚಾಚಲು ಆಗದವರು, ‘ಚುಕ್ಕಿ ಮುಟ್ಟಿ’ ಅನ್ನೋ ಸೂಚನೆ ಹಿಡಿಯಲು ಆಗದವರು. ಸೆರೆಬೆಲ್ಲಮ್‌ಗೆ, ಅಂದರೆ ಹಿಂದಿನ ಕಿರುಮೆದುಳಿಗೆ, ಪೆಟ್ಟಾಗಿದ್ದರೆ ಹೊಂದಿಕೊಳ್ಳುವ ಶಕ್ತಿಯೇ ಕಡಿಮೆಯಾಗಿರಬಹುದು, ಯಾಕೆಂದರೆ ಈ ಕಲಿಕೆಯ ದೊಡ್ಡ ಪಾಲು ನಡೆಯೋದೇ ಅಲ್ಲಿ.

ಹಂತ 2: ಕನ್ನಡಕ

ಪ್ರಿಸಂ ಶಕ್ತಿಯನ್ನು ಡಯಾಪ್ಟರ್‌ನಲ್ಲಿ ಹೇಳುತ್ತಾರೆ. 1 ಡಯಾಪ್ಟರ್ ಅಂದರೆ 1 ಮೀಟರ್ ದೂರದಲ್ಲಿ 1 ಸೆಂಟಿಮೀಟರ್ ಸರಿಯೋದು. 20 ಡಯಾಪ್ಟರ್ ಕನ್ನಡಕ ಒಂದು ಮೀಟರ್‌ನಲ್ಲಿ 20 ಸೆಂಟಿಮೀಟರ್ ಸರಿಸುತ್ತದೆ, ಅಂದರೆ 11 ಡಿಗ್ರಿಗಿಂತ ತುಸು ಜಾಸ್ತಿ. ರೊಸೆಟ್ಟಿಯವರ 10 ಡಿಗ್ರಿ ಬೇಕಾದರೆ ಸುಮಾರು 17ರಿಂದ 18 ಡಯಾಪ್ಟರ್. ಇದಕ್ಕಿಂತ ತೀರಾ ಕಡಿಮೆಗೆ ಹೋಗಬೇಡಿ. ತಪ್ಪು ಸಣ್ಣದಾದಷ್ಟೂ ಮೆದುಳಿಗೆ ತಿದ್ದಿಕೊಳ್ಳಲು ಇರೋದೂ ಸಣ್ಣದೇ.

ದಿಕ್ಕು ತಪ್ಪಿದರೆ ಎಲ್ಲವೂ ಕೆಡುತ್ತದೆ. ನೋಟ ಯಾವಾಗಲೂ ಪ್ರಿಸಂನ ತೆಳು ಅಂಚಿನ ಕಡೆ ಸರಿಯುತ್ತದೆ. ಬಲಕ್ಕೆ ಸರಿಯಬೇಕಾದರೆ ಎರಡೂ ಗಾಜಿನ ದಪ್ಪ ಅಂಚು ಎಡಗಡೆಗೆ ಇರಬೇಕು: ಎಡಗಣ್ಣಿನಲ್ಲಿ ಕಿವಿಯ ಕಡೆ, ಬಲಗಣ್ಣಿನಲ್ಲಿ ಮೂಗಿನ ಕಡೆ. ಪ್ರತಿ ಸಲ ಹಾಕಿಸುವ ಮೊದಲು ಕನ್ನಡಕವನ್ನು ಕೈಯಲ್ಲಿ ಹಿಡಿದು, ರೋಗಿ ಹಾಕುವ ದಿಕ್ಕಿನಲ್ಲೇ, ಬಾಗಿಲ ಚೌಕಟ್ಟಿನ ನೆಟ್ಟಗಿನ ಅಂಚನ್ನು ನೋಡಿ. ಗಾಜಿನೊಳಗೆ ಕಾಣುವ ತುಂಡು ಮುರಿದು ಬಲಕ್ಕೆ ಹಾರಿದಂತೆ ಕಂಡರೆ ಸರಿ. ಎಡಕ್ಕೆ ಹಾರಿದರೆ ಅದು ಬೇರೆ ಕಡೆಯ ಕನ್ನಡಕ, ಇವರಿಗೆ ಹಾಕಬೇಡಿ. ಎಡಕ್ಕೆ ಸರಿಸುವ ಪ್ರಿಸಂ ಹಾಕಿ ಹೊಂದಿಕೊಂಡ ಆರೋಗ್ಯವಂತರಲ್ಲೇ ಗೆರೆಯ ನಡುಬಿಂದು ಬಲಕ್ಕೆ ಸರಿಯುತ್ತದೆ ಅಂತ ಅಧ್ಯಯನಗಳು ತೋರಿಸಿವೆ. ನೆಗ್ಲೆಕ್ಟ್ ಇರುವವರಿಗೆ ಅದು ಬೇಡವೇ ಬೇಡ.

ದಪ್ಪ ಗಾಜು ಭಾರ. ಅಂಟಿಸುವ ಫ್ರೆನೆಲ್ ಹಾಳೆ (ಸಣ್ಣ ಸಣ್ಣ ಪ್ರಿಸಂ ಸಾಲುಗಳಿರುವ ತೆಳು ಪ್ಲಾಸ್ಟಿಕ್) ಹಗುರ, ಆದರೆ ನೋಟ ಸ್ವಲ್ಪ ಮಸುಕಾಗುತ್ತದೆ. ರೋಗಿಗೆ ಪವರ್ ಕನ್ನಡಕ ಇದ್ದರೆ ಅದರ ಮೇಲೆ ಕೂರುವಂಥದ್ದು ಬೇಕು. ಪಕ್ಕದ ಸಂದಿಗಳನ್ನು ಮುಚ್ಚಿ, ಇಲ್ಲದಿದ್ದರೆ ಸಂದಿಯಲ್ಲಿ ಇಣುಕಿ ನಿಜವಾದ ಜಾಗ ನೋಡಿಬಿಡುತ್ತಾರೆ.

ಹಂತ 3: ಮೇಜು ಸಜ್ಜು ಮಾಡಿ

ರೋಗಿ ಮೇಜಿಗೆ ನೇರ ಕುಳಿತಿರಬೇಕು. ನೆಗ್ಲೆಕ್ಟ್ ಇರುವವರ ತಲೆ, ಮೈ ಎರಡೂ ಮೆಲ್ಲಗೆ ಬಲಕ್ಕೆ ತಿರುಗುತ್ತವೆ, ಹಾಗಾಗಿ ಎದೆಯ ನಡುಮೂಳೆಗೆ ಸರಿಯಾಗಿ ಮೇಜಿನ ಮೇಲೆ ಒಂದು ಟೇಪ್ ಅಂಟಿಸಿ, ಆಗಾಗ ನೋಡುತ್ತಿರಿ. ಗದ್ದಕ್ಕೆ ಆಸರೆ ಇದ್ದರೆ ಉತ್ತಮ. ಇಲ್ಲದಿದ್ದರೆ ಇನ್ನೊಬ್ಬರು ಹಿಂದೆ ನಿಂತು ತಲೆ ಹಿಡಿಯಲಿ.

ಗುರಿಗಳನ್ನು ಕಣ್ಣಿನಿಂದ 57 ಸೆಂಟಿಮೀಟರ್ ದೂರದಲ್ಲಿ ಇಡಿ. ಈ ದೂರದಲ್ಲಿ 1 ಸೆಂಟಿಮೀಟರ್ ಅಂದರೆ ಹೆಚ್ಚುಕಡಿಮೆ 1 ಡಿಗ್ರಿ, ಲೆಕ್ಕ ಹಾಕುವ ಗೋಜೇ ಇಲ್ಲ. ಒಂದು ಚುಕ್ಕಿ ನಡುವೆ, ಒಂದು 10 ಸೆಂಟಿಮೀಟರ್ ಎಡಕ್ಕೆ, ಒಂದು 10 ಬಲಕ್ಕೆ. ಕೈ ಅಷ್ಟು ದೂರ ಮುಟ್ಟದಿದ್ದರೆ ಹತ್ತಿರ ತನ್ನಿ, ಆದರೆ ದಿನವೂ ಅದೇ ದೂರ ಇರಲಿ.

ಮುಖ್ಯವಾದ ಸಾಮಾನು ಒಂದು ಪೆಟ್ಟಿಗೆ. ಎದುರೂ ಹಿಂದೆಯೂ ತೆರೆದ, ಸುಮಾರು 30 ಸೆಂಟಿಮೀಟರ್ ಎತ್ತರ, 70 ಸೆಂಟಿಮೀಟರ್ ಅಗಲದ ರಟ್ಟಿನ ಪೆಟ್ಟಿಗೆಯಾದರೂ ನಡೆಯುತ್ತದೆ. ರೋಗಿ ಕೈಯನ್ನು ಇದರೊಳಗೆ ಚಾಚುತ್ತಾರೆ, ಮೇಲಿನ ಹಲಗೆ ಕೈಯನ್ನು ಮರೆಮಾಡುತ್ತದೆ, ಆಚೆ ತುದಿಯಲ್ಲಿ ಬೆರಳು ಮಾತ್ರ ಹೊರಗೆ ಕಾಣುತ್ತದೆ. ಎದುರಿಗೆ ನೀವು ಕೂರುತ್ತೀರಿ, ನಿಮ್ಮ ಕಡೆಯ ಅಂಚಿನಲ್ಲಿ ಸೆಂಟಿಮೀಟರ್ ಪಟ್ಟಿ ಅಂಟಿಸಿರುತ್ತದೆ. ಕೈ ಹೊರಟಾಗಿನಿಂದ ಪೂರ್ತಿ ಕಂಡರೆ ರೋಗಿ ದಾರಿಯಲ್ಲೇ ತಿದ್ದಿಕೊಂಡು ಗುರಿ ಮುಟ್ಟಿಬಿಡುತ್ತಾರೆ. ಆಗ ತಪ್ಪು ಆಗೋದೇ ಇಲ್ಲ. ತಪ್ಪೇ ಆಗದಿದ್ದರೆ ಕಲಿಯೋದೇನು, ಅಲ್ವಾ?

ಹಂತ 4: ಮೊದಲ ಅಳತೆ, ಕನ್ನಡಕ ಇಲ್ಲದೆ

ಎರಡು ಅಳತೆ ಸಾಕು. ಒಂದು, ಕಣ್ಣು ಮುಚ್ಚಿ ಎದೆಯಿಂದ ಬಲಗೈ ಚಾಚಿ ‘ಮೂಗಿನ ನೇರಕ್ಕೆ ತೋರಿಸಿ’ ಅನ್ನೋದು. ಎರಡು, ಚುಕ್ಕಿ ಕಾಣುವಂತೆ, ಕೈ ಮಾತ್ರ ಕೊನೆತನಕ ಕಾಣದಂತೆ ಮುಚ್ಚಿ, ಚುಕ್ಕಿಯ ಕೆಳಗೆ ಬೆರಳಿಡಿ ಅನ್ನೋದು. ಎರಡನ್ನೂ ಐದೈದು ಸಲವಾದರೂ ಮಾಡಿಸಿ ಸರಾಸರಿ ತೆಗೆಯಿರಿ. ಸರಿ ಆಯ್ತಾ ತಪ್ಪಾಯ್ತಾ ಅಂತ ಬಾಯಿಬಿಡಬೇಡಿ.

ಹಂತ 5: ಕನ್ನಡಕ ಹಾಕಿ ಗುರಿ ಮುಟ್ಟಿಸೋದು

ಕನ್ನಡಕ ಹಾಕುವಾಗ ಕಣ್ಣು ಮುಚ್ಚಿಸಿ. ಹಾಕಿದ ಮೇಲೆ ತಮ್ಮ ಕೈಯನ್ನೇ ಸುಮ್ನೆ ನೋಡುತ್ತಾ ಕೂರಲು ಬಿಡಬೇಡಿ, ಮೊದಲ ತಪ್ಪಿನ ಕಸು ಹೋಗುತ್ತದೆ. ಕೈ ಎದೆಯ ಹತ್ತಿರ ಇರಲಿ. ‘ನಡುವಿನ ಚುಕ್ಕಿ, ಬೇಗ ಮುಟ್ಟಿ’ ಅನ್ನಿ.

ಮೊದಲನೇದು ಬಲಕ್ಕೆ ಬೀಳುತ್ತದೆ. ಬಹಳ ಜನ ಬೆರಳನ್ನು ದಿಟ್ಟಿಸಿ ನೋಡಿ, ಹಾಗೇ ಎಡಕ್ಕೆ ಎಳೆದು ಚುಕ್ಕಿಯ ಮೇಲೆ ಇಡಲು ನೋಡುತ್ತಾರೆ. ಬಿಡಬೇಡಿ. ‘ಇರಲಿ, ಎಲ್ಲಿ ಬಿತ್ತು ನೋಡಿದ್ರಲ್ಲ, ಕೈ ವಾಪಸ್ ತನ್ನಿ, ಮತ್ತೆ’ ಅನ್ನಿ. ಎರಡನೇದು ಇನ್ನೂ ಬಲಕ್ಕೇ, ಆದರೆ ಹತ್ತಿರ. ನಿಮ್ಮ ಕಡೆಯ ಪಟ್ಟಿಯಲ್ಲಿ ಅಂಕಿ ಇಳಿಯುತ್ತಾ ಬರೋದು ಕಾಣುತ್ತದೆ, ಬರೆದುಕೊಳ್ಳುತ್ತಾ ಹೋಗಿ. ಇದನ್ನು ನೋಡೋದು ನನಗೆ ಇವತ್ತಿಗೂ ಖುಷಿಯ ಕೆಲಸ, ಯಾಕೆಂದರೆ ಎಡಗಡೆ ಏನೂ ಇಲ್ಲ ಅನ್ನುತ್ತಿದ್ದವರ ಮೆದುಳು ಯಾರೂ ಹೇಳದೆ ತಾನಾಗಿ ಎಡಕ್ಕೆ ತಿದ್ದಿಕೊಳ್ಳುತ್ತಿರುತ್ತದೆ.

ಗಮನದಲ್ಲಿರಲಿ:

- ವೇಗ ಬೇಕು. ನಿಧಾನವಾಗಿ ತಡಕಾಡಿದರೆ ಕಣ್ಣು ನೋಡುತ್ತಾ ಕೈ ನಡೆಸುತ್ತದೆ, ಒಳಗಿನ ಹೊಂದಾಣಿಕೆ ಬದಲಾಗಲ್ಲ.
- ಕೈಯನ್ನು ರೋಗಿಯೇ ಚಾಚಬೇಕು. ನೀವು ಹಿಡಿದು ಸರಿಸಿದರೆ ಪ್ರಯೋಜನ ಅಷ್ಟಕ್ಕಷ್ಟೇ.
- ‘ಸ್ವಲ್ಪ ಎಡಕ್ಕೆ ಇಡಿ’ ಅಂತ ಹೇಳಿಕೊಡಬೇಡಿ. ಬೇಕೆಂದೇ ಎಡಕ್ಕೆ ಗುರಿಯಿಟ್ಟರೆ ತಪ್ಪು ಬೇಗ ಮಾಯವಾಗುತ್ತದೆ, ಆದರೆ ಅದು ಯೋಚಿಸಿ ಮಾಡಿದ ಉಪಾಯ. ಕನ್ನಡಕ ತೆಗೆದ ತಕ್ಷಣ ಉಪಾಯವೂ ಹೋಗುತ್ತದೆ.
- ಚುಕ್ಕಿಗಳ ಕ್ರಮ ಬದಲಿಸುತ್ತಿರಿ. ಎಡ ಚುಕ್ಕಿ ಹುಡುಕಲು ತಡವಾದರೆ ಕಾಯಿರಿ, ಕರೆದು ತೋರಿಸಿ, ಆದರೆ ಬಿಟ್ಟು ಮುಂದೆ ಹೋಗಬೇಡಿ.

ಎಷ್ಟು ಸಲ? ಕನಿಷ್ಠ 50. ಆಗುವವರಿಗೆ 60ರಿಂದ 100. ಗುರಿ ಸಿಕ್ಕಿತು ಅಂತ ಇಪ್ಪತ್ತಕ್ಕೇ ನಿಲ್ಲಿಸೋದು ಬಹಳ ಕಡೆ ನಡೆಯುವ ತಪ್ಪು. ಗುರಿ ಸಿಕ್ಕ ನಂತರದ ಮುಟ್ಟುವಿಕೆಗಳಲ್ಲೇ ಹೊಂದಾಣಿಕೆ ಗಟ್ಟಿಯಾಗೋದು. ಸುಸ್ತಾದರೆ ಕಣ್ಣು ಮುಚ್ಚಿ, ಕೈ ಎದೆಗೆ ಇಟ್ಟುಕೊಂಡು ಒಂದು ನಿಮಿಷ ವಿಶ್ರಾಂತಿ ಕೊಡಿ. ತಲೆಸುತ್ತು, ವಾಕರಿಕೆ ಬಂದರೆ ಅಲ್ಲಿಗೆ ನಿಲ್ಲಿಸಿ. ಕನ್ನಡಕ ಹಾಕಿಕೊಂಡು ಎದ್ದು ನಡೆಯಲು ಯಾವ ಕಾರಣಕ್ಕೂ ಬಿಡಬೇಡಿ.

ಹಂತ 6: ತೆಗೆದ ಕೂಡಲೇ ಅಳೆಯಿರಿ

ಈ ಒಂದೆರಡು ನಿಮಿಷ ಇಡೀ ಸೆಷನ್‌ನಲ್ಲೇ ಸೂಕ್ಷ್ಮವಾದದ್ದು. ಕಣ್ಣು ಮುಚ್ಚಿಸಿ ಕನ್ನಡಕ ತೆಗೆಯಿರಿ. ಕೈ ಪೆಟ್ಟಿಗೆಯೊಳಗೇ ಇರಲಿ. ರೋಗಿ ಕಣ್ಣುಜ್ಜಿಕೊಳ್ಳಲು, ನೀರಿನ ಲೋಟ ತೆಗೆದುಕೊಳ್ಳಲು ಹೋದರೆ ತಮ್ಮ ಕೈ ನೋಡಿಕೊಂಡು ಹೊಂದಾಣಿಕೆಯನ್ನು ಹಿಂದಕ್ಕೆ ತಿದ್ದಿಕೊಳ್ಳಲು ಶುರುಮಾಡುತ್ತಾರೆ, ಆಮೇಲೆ ನೀವು ಅಳೆಯೋದಕ್ಕೆ ಅರ್ಥವಿಲ್ಲ.

ಹಂತ 4ರ ಎರಡೂ ಅಳತೆಗಳನ್ನು ಅದೇ ಕ್ರಮದಲ್ಲಿ ಮಾಡಿಸಿ. ಮೊದಲು ಸರಾಸರಿ 1 ಸೆಂಟಿಮೀಟರ್ ಬಲಕ್ಕಿತ್ತು, ಈಗ 3 ಸೆಂಟಿಮೀಟರ್ ಎಡಕ್ಕಿದೆ ಅನ್ನಿ, ಆಗ ಆಫ್ಟರ್‌ಎಫೆಕ್ಟ್ 4 ಸೆಂಟಿಮೀಟರ್. ಪ್ರಿಸಂ ಸರಿಸಿದ ಪೂರ್ತಿ ದೂರದಷ್ಟು ಬರಲಿ ಅಂತ ಕಾಯಬೇಡಿ, ಅದರ ಒಂದು ಪಾಲು ಬಂದರೆ ಅದು ಒಳ್ಳೆಯ ಸೆಷನ್. ಏನೂ ಬರದಿದ್ದರೆ ಮೊದಲು ನಿಮ್ಮ ವಿಧಾನವನ್ನೇ ಅನುಮಾನಿಸಿ: ಕೈ ಜಾಸ್ತಿ ಕಾಣುತ್ತಿತ್ತಾ, ನಿಧಾನ ಆಯ್ತಾ, ಸಂದಿಯಲ್ಲಿ ಇಣುಕಿದರಾ, ಮುಟ್ಟಿಸಿದ್ದು ಕಡಿಮೆಯಾಯ್ತಾ. ಎಲ್ಲಾ ಸರಿಯಿದ್ದೂ ಮೂರ್ನಾಲ್ಕು ಸೆಷನ್‌ನಲ್ಲಿ ಬರದಿದ್ದರೆ ಈ ದಾರಿ ಇವರಿಗೆ ಹೊಂದುತ್ತಿಲ್ಲ ಅಂತ ಡಾಕ್ಟರ್ ಜೊತೆ ಮಾತಾಡಿ.

ಸ್ವಲ್ಪ ಹೊತ್ತು ಕೈಯ ಗುರಿ ಎಡಕ್ಕೆ ತಪ್ಪುವುದರಿಂದ ಬಿಸಿ ಪಾನೀಯ, ಚೂಪಾದ ಸಾಮಾನು ದೂರವಿರಲಿ. ನಿಲ್ಲಿಸುವಾಗ, ನಡೆಸುವಾಗ ಕೈ ಹಿಡಿದಿರಿ.

ಹಂತ 7: ಎಷ್ಟು ದಿನ, ಮತ್ತು ಸೆಷನ್ ಮುಗಿದ ಮೇಲೆ

ಒಂದೇ ಸೆಷನ್‌ನಿಂದ ಬದುಕು ಬದಲಾಗಲ್ಲ. ಹೆಚ್ಚಿನ ಕಡೆ ಎರಡು ವಾರ ಮಾಡಿಸುತ್ತಾರೆ. ದಿನಕ್ಕೊಂದರಂತೆ ಹತ್ತು ಸೆಷನ್ ಅನ್ನೋದು ಸಾಮಾನ್ಯ ಕ್ರಮ. 2002ರಲ್ಲಿ ಇಟಲಿಯ ಫ್ರಾಸಿನೆಟ್ಟಿ ಮತ್ತು ಸಂಗಡಿಗರು ಎರಡು ವಾರ ದಿನಕ್ಕೆ ಎರಡು ಸಲ ಮಾಡಿಸಿದಾಗ ಸುಧಾರಣೆ ಚಿಕಿತ್ಸೆ ನಿಂತ ಐದು ವಾರದ ನಂತರವೂ ಉಳಿದಿತ್ತು.

ನನ್ನ ಮಟ್ಟಿಗೆ, ಸೆಷನ್ ಮುಗಿದ ನಂತರದ ಒಂದು ಗಂಟೆ ಬಂಗಾರದಂಥದ್ದು. ಎಡಕ್ಕೆ ತೆರೆದುಕೊಂಡಿರುವ ಆ ಹೊತ್ತಲ್ಲಿ ರೋಗಿಯನ್ನು ಹಾಸಿಗೆಗೆ ಮಲಗಿಸಬೇಡಿ. ಬಟ್ಟೆ ಹಾಕಿಕೊಳ್ಳುವ, ಊಟ ಮಾಡುವ, ಓದುವ, ವೀಲ್‌ಚೇರ್ ನಡೆಸುವ ಅಭ್ಯಾಸವನ್ನು ಆಗಲೇ ಇಡಿ. ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಸೆಷನ್ ಇಟ್ಟುಕೊಂಡರೆ ಸುಲಭ. ಮನೆಯವರು ಎಡಗಡೆ ಕೂತು ಮಾತಾಡಿಸಿ, ಬೇಕಾದ ವಸ್ತುವನ್ನು ನಡುವಿನಿಂದ ಸ್ವಲ್ಪವೇ ಎಡಕ್ಕೆ ಇಡಿ. ತೀರಾ ದೂರ ಇಟ್ಟು ಪರೀಕ್ಷೆ ಮಾಡಬೇಡಿ, ಸಿಗದಿದ್ದಕ್ಕೆ ಬೈಯಲೂಬೇಡಿ.

ಎಷ್ಟು ನಂಬಬಹುದು

ಆರಂಭದ ಫಲಿತಾಂಶಗಳಷ್ಟು ಚೆನ್ನಾಗಿ ಎಲ್ಲ ಅಧ್ಯಯನಗಳೂ ಬಂದಿಲ್ಲ. ಬ್ರಿಟನ್ನಿನಲ್ಲಿ 2010ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಕೈಯ ಗುರಿ ಎಡಕ್ಕೆ ಸರಿದರೂ ಸ್ವಂತ ಕೆಲಸ ಮಾಡಿಕೊಳ್ಳುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಪ್ರಿಸಂ ಸುಮಾರು 6 ಡಿಗ್ರಿಯದು, ಹಾಗಾಗಿ ಶಕ್ತಿ ಸಾಲಲಿಲ್ಲ ಅನ್ನಬಹುದು. ಆದರೆ 2017ರ ನೆದರ್ಲೆಂಡ್ಸ್ ಅಧ್ಯಯನದಲ್ಲಿ 10 ಡಿಗ್ರಿಯ ಪ್ರಿಸಂ ಹಾಕಿದವರೂ ಬರೀ ಗಾಜು ಹಾಕಿದವರೂ ಒಂದೇ ತರ ಸುಧಾರಿಸಿದರು. ಸ್ಟ್ರೋಕ್ ಆದ ಮೊದಲ ವಾರಗಳಲ್ಲಿ ನೆಗ್ಲೆಕ್ಟ್ ತಾನಾಗಿಯೂ ಎಷ್ಟೋ ಇಳಿಯುತ್ತದೆ, ಯಾವುದು ಪ್ರಿಸಂನಿಂದ ಯಾವುದು ಸಹಜವಾಗಿ ಅಂತ ಬಿಡಿಸೋದು ಕಷ್ಟ. ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ವಿಮರ್ಶೆಯೂ 2021ರಲ್ಲಿ ನೆಗ್ಲೆಕ್ಟ್‌ನ ಯಾವ ಥೆರಪಿಗೂ ಗಟ್ಟಿ ಪುರಾವೆ ಸಾಲದು ಅಂತಲೇ ಹೇಳಿತು.

ಹಾಗಾದರೆ ಯಾಕೆ ಮಾಡಬೇಕು? ಖರ್ಚು ಕಡಿಮೆ, ದಿನಕ್ಕೆ ಇಪ್ಪತ್ತು ನಿಮಿಷ, ಅಪಾಯ ಬಹಳ ಸಣ್ಣದು, ಕೆಲವರಿಗೆ ಸ್ಪಷ್ಟವಾಗಿ ಉಪಯೋಗ ಆಗುತ್ತದೆ. ಯಾರಿಗೆ ಅಂತ ಮೊದಲೇ ಹೇಳಲು ಆಗದಿರುವುದರಿಂದಲೇ ಅಳತೆಯ ಮೇಲೆ ಇಷ್ಟು ಒತ್ತು ಕೊಟ್ಟಿದ್ದೇನೆ. ಬೇರೆ ಥೆರಪಿಗಳನ್ನು ನಿಲ್ಲಿಸಿ ಇದನ್ನೊಂದೇ ಮಾಡೋದು ಮಾತ್ರ ತಪ್ಪು. ‘ಪೂರ್ತಿ ಗುಣ ಆಗುತ್ತೆ’ ಅಂತ ಮನೆಯವರಿಗೆ ಮಾತು ಕೊಡೋದೂ ತಪ್ಪು.

ಹಂತ 8: ಮುಂದುವರಿಸೋದಾ, ನಿಲ್ಲಿಸೋದಾ

ಹತ್ತು ಸೆಷನ್ ಆದ ಮೇಲೆ ಹಂತ 1ರ ಎಲ್ಲಾ ಪರೀಕ್ಷೆಗಳನ್ನೂ ಮತ್ತೆ ಮಾಡಿ, ಸಾಧ್ಯವಾದರೆ ಬೇರೆ ಹಾಳೆಯಲ್ಲಿ, ಇಲ್ಲದಿದ್ದರೆ ಹಳೆಯದು ನೆನಪಿಂದಲೇ ಸರಿಹೋಗಬಹುದು. ಬರ್ಗೆಗೋ ಸ್ಕೇಲನ್ನು ಸೆಷನ್ ನಡೆಸದ ಇನ್ನೊಬ್ಬರು ತುಂಬಿದರೆ ಒಳ್ಳೆಯದು, ನಮ್ಮ ಆಸೆ ಅಂಕಿಗೆ ಸೇರಿಕೊಳ್ಳಲ್ಲ. ತಿಂಗಳು ಬಿಟ್ಟು ಇನ್ನೊಮ್ಮೆ ನೋಡಿ. ಇಳಿದಿದ್ದ ತೊಂದರೆ ಮತ್ತೆ ಏರಿದ್ದರೆ ಇನ್ನೊಂದು ಸುತ್ತು ಮಾಡಿಸಬಹುದು. ಆಫ್ಟರ್‌ಎಫೆಕ್ಟ್ ದಿನವೂ ಚೆನ್ನಾಗಿ ಬಂದು ಬದುಕಿನಲ್ಲಿ ಏನೂ ಬದಲಾಗದಿದ್ದರೆ ನಿಲ್ಲಿಸಿ, ಆ ಇಪ್ಪತ್ತು ನಿಮಿಷವನ್ನು ಎಡಕ್ಕೆ ಕಣ್ಣಾಡಿಸುವ ಅಭ್ಯಾಸಕ್ಕೋ ಬಟ್ಟೆ ಹಾಕುವ ಅಭ್ಯಾಸಕ್ಕೋ ಕೊಡಿ.

ರೋಗಿಯ ಫೈಲಿನಲ್ಲಿ ಇಷ್ಟು ಬರೆದಿಡಿ: ಪ್ರಿಸಂ ಎಷ್ಟು ಡಯಾಪ್ಟರ್, ಯಾವ ಕಡೆಗೆ ಸರಿಸುತ್ತದೆ, ಗುರಿಯ ದೂರ, ದಿನಕ್ಕೆ ಎಷ್ಟು ಮುಟ್ಟುವಿಕೆ, ಪ್ರತಿ ದಿನದ ಆಫ್ಟರ್‌ಎಫೆಕ್ಟ್. ಬಲಗಡೆಯ ನೆಗ್ಲೆಕ್ಟ್ ಇರುವವರು ಕಡಿಮೆ, ಆದರೆ ಇದ್ದಾರೆ. ಅವರಿಗೆ ಪ್ರಿಸಂ ದಿಕ್ಕು ಪೂರ್ತಿ ತಿರುಗುಮುರುಗು. ಅದಕ್ಕೇ ದಿಕ್ಕನ್ನು ಫೈಲಿನಲ್ಲೂ ಬರೆಯಿರಿ, ಕನ್ನಡಕದ ಕಾಲಿನ ಮೇಲೂ ಒಂದು ಬಾಣದ ಗುರುತು ಅಂಟಿಸಿ.